ಬಣ್ಣ ಬಿಟ್ಟ ನೀರು

ಬೀಜಗಳು ಮೊಳೆತಿರಲಿಲ್ಲ. ಮುಚ್ಚಳ ತೆಗೆದ ಗಾಜಿನ ತಟ್ಟೆಯನ್ನು ಅವಳು ಕಿಟಕಿಯ ಬೆಳಕಿಗೆ ಹಿಡಿದು, ಹಿಂದೆ ಮುಂದೆ ವಾಲಿಸಿ, ಮತ್ತೊಮ್ಮೆ ನೋಡಿದಳು. ಒದ್ದೆ ಕಾಗದದ ಮೇಲೆ ಸಾಸಿವೆ ಕಾಳುಗಳು ತಾನು ಚಿಮುಟದಿಂದ ಇಟ್ಟ ಜಾಗದಲ್ಲೇ, ಇಟ್ಟ ಹಾಗೇ, ಮುನಿಸಿಕೊಂಡವರಂತೆ ಕೂತಿದ್ದವು. ಪಕ್ಕದ ತಟ್ಟೆಯಲ್ಲಿ ನಲ್ಲಿ ನೀರು ಕುಡಿದ ಕಾಳುಗಳು ಬಿಳಿ ಬೇರು ಬಿಟ್ಟು, ಹಸಿರು ಎಲೆ ಎತ್ತಿ, ಜಾಗ ಸಾಲದೆ ಒಂದರ ಮೇಲೊಂದು ಒರಗಿಕೊಂಡಿದ್ದವು. ಕಾರ್ಖಾನೆಯ ಕೆನ್ನೀರು ಹಾಕಿದ ಮೂರನೆಯ ತಟ್ಟೆಯಲ್ಲೂ ಅರ್ಧಕ್ಕರ್ಧ ಮೊಳೆತಿದ್ದವು. ಸೊಟ್ಟಗೆ, ಸೊರಗಿಕೊಂಡು, ಆದರೂ ಮೊಳೆತಿದ್ದವು. ಅವಳು ಪ್ರಯೋಗಾಲಯದಲ್ಲಿ ಬೆಳೆಸಿದ ಬೂಷ್ಟು ಆ ಕೆನ್ನೀರಿನ ಬಣ್ಣವನ್ನೆಲ್ಲ ತಿಂದು ತೇಗಿ ಕೊಟ್ಟ, ಕನ್ನಡಿಯ ಹಾಗೆ ತಿಳಿಯಾದ ನೀರು ಕುಡಿದವು ಮಾತ್ರ ಒಂದೂ ಎದ್ದಿರಲಿಲ್ಲ. ಕಾಗದ ಹಳೆಯದಿರಬೇಕು, ತಟ್ಟೆ ಸರಿಯಾಗಿ ತೊಳೆದಿರಲಿಕ್ಕಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಹೋದ ಸಲ ಹೀಗೇ ಆದಾಗಲೂ ಇದೇ ಮಾತು ಹೇಳಿಕೊಂಡಿದ್ದಳು. ಆಮೇಲೆ ಹೊಸ ಕಾಗದ ತರಿಸಿದ್ದಳು, ತಟ್ಟೆಗಳನ್ನು ತಾನೇ ಕುದಿಸಿ ತೊಳೆದಿದ್ದಳು, ಹೊಸ ಕಾಳು ಇಟ್ಟಿದ್ದಳು. ಈಗ ಸಬೂಬು ಹೇಳುವುದಕ್ಕೆ ಏನೂ ಉಳಿದಿರಲಿಲ್ಲ. ಕಿಟಕಿಯಾಚೆ ಯಾರೋ ಕಾರಿನ ಗಾಜು ಒರೆಸುತ್ತಿದ್ದರು. ಆ ಕಾರು ಇನ್ನು ಸ್ವಲ್ಪ ಹೊತ್ತಿಗೆ ತನ್ನನ್ನು ತನ್ನದೇ ಬೀದಿಗೆ, ಆ ತಿಳಿನೀರು ಬಿಡುವ ತನ್ನದೇ ಸಮಾರಂಭಕ್ಕೆ ಕರೆದುಕೊಂಡು ಹೋಗುತ್ತದೆ ಎನ್ನುವುದು ಬೇರೆ ಯಾರದೋ ವಿಷಯ ಎಂಬಂತೆ ಅವಳು ನೋಡುತ್ತಾ ನಿಂತಳು.

"ಇನ್ನೂ ಇಲ್ಲೇ ಇದ್ದೀರಾ ಮೇಡಂ? ಹೊರಡೋಣ ನಡೀರಿ." ಬಾಗಿಲಲ್ಲಿ ಸಂಸ್ಥೆಯ ನಿರ್ದೇಶಕರು. ಹೊಸ ಕೋಟು, ಹಳೆಯ ನಗು.

"ಸರ್, ಇದನ್ನ ಒಂಚೂರು ನೋಡಿ. ನಮ್ಮ ತಿಳಿನೀರು ಹಾಕಿದ ಕಾಳು. ಒಂದೂ ಮೊಳೆತಿಲ್ಲ. ಇದಕ್ಕಿಂತ ಬಣ್ಣದ ನೀರೇ ವಾಸಿ."

ಅವರು ತಟ್ಟೆ ಕೈಗೆ ತೆಗೆದುಕೊಂಡು, ಕನ್ನಡಕ ಹಣೆಗೇರಿಸಿ, ನಿಜವಾಗಿಯೂ ನೋಡಿದರು. "ನನ್ನ ಹೆಂಡತಿ ಕುಂಡದಲ್ಲಿ ಹಾಕಿದ್ದೂ ಹೀಗೇ, ಒಂದೂ ಮೊಳೆಯಲ್ಲ," ಎಂದು ನಕ್ಕರು.

"ಬಣ್ಣ ಹೋದ ಮಾತ್ರಕ್ಕೆ ವಿಷ ಹೋಯ್ತು ಅಂತಲ್ಲ ಸರ್. ಬೂಷ್ಟಿನ ಕಿಣ್ವ ಬಣ್ಣವನ್ನ ಕತ್ತರಿಸಿ ಹಾಕುತ್ತೆ, ಅಷ್ಟೇ. ಕತ್ತರಿಸಿದ ಚೂರುಗಳು ನೀರಲ್ಲೇ ಇರ್ತವೆ. ಕಣ್ಣಿಗೆ ಕಾಣಲ್ಲ. ಆ ಚೂರುಗಳೇ ಬಣ್ಣಕ್ಕಿಂತ..."

"ಗೊತ್ತಮ್ಮಾ, ಗೊತ್ತು. ನಾನೂ ಓದಿದೋನೇ." ತಟ್ಟೆಯನ್ನು ಮೆಲ್ಲಗೆ, ಮಲಗಿದ ಮಗುವನ್ನು ಇಳಿಸುವಂತೆ ಮೇಜಿನ ಮೇಲಿಟ್ಟರು. "ಅದು ಎರಡನೇ ಹಂತ. ಮೊದಲನೇದಕ್ಕೆ ನಾಲ್ಕು ಜನ ಚಪ್ಪಾಳೆ ಹೊಡೆದ್ರೆ ತಾನೇ ಎರಡನೇದಕ್ಕೆ ದಾರಿ ಆಗೋದು? ಇವತ್ತೊಂದು ದಿನ ಸುಮ್ನಿದ್ದುಬಿಡಿ. ನಾಳೆ ಕೂತು ಮಾತಾಡೋಣ."

ಅವರು ಕೆಟ್ಟವರಾಗಿದ್ದರೆ ಎಷ್ಟು ಚೆನ್ನಾಗಿತ್ತು. ಅಪ್ಪನಿಗೆ ಕಣ್ಣಿನ ಆಪರೇಷನ್ ಆದಾಗ ಆಸ್ಪತ್ರೆಯ ಬೆಂಚಿನ ಮೇಲೆ ಅವಳ ಜೊತೆ ಕೂತಿದ್ದವರು ಇವರೇ. ಅವಳ ಕೆಲಸವನ್ನು ಬೇರೆಯವರು ಬೂಷ್ಟು ಮೇಡಂ, ಬೂಷ್ಟು ಮೇಡಂ ಎಂದು ಆಡಿಕೊಳ್ಳುವಾಗ ಒಬ್ಬರೇ ನಗದೆ ಇದ್ದವರು. ಒಳ್ಳೆಯವರ ಮುಂದೆ ಜಗಳ ತೆಗೆಯುವುದಕ್ಕೆ ಒಂದು ಥರದ ಗಂಟಲು ಬೇಕು. ಅದು ಅವಳಿಗೆ ಹುಟ್ಟಿನಿಂದಲೇ ಬಂದಿರಲಿಲ್ಲ. ಅವಳು ಕೈ ತೊಳೆದುಕೊಂಡು ಕಾರು ಹತ್ತಿದಳು. ಹಿಂದಿನ ಸೀಟಿನಲ್ಲಿ ನೀರಿನ ಬಾಟಲಿಗಳ ಪೆಟ್ಟಿಗೆ, ಸುತ್ತಿಟ್ಟ ಬಟ್ಟೆಯ ಬ್ಯಾನರು, ಅವುಗಳ ನಡುವೆ ಮಿಕ್ಕಷ್ಟು ಜಾಗದಲ್ಲಿ ಅವಳು.

ಕಾರು ಹೊರಟ ಮೇಲೆ ಕಟ್ಟಡಗಳು ಒಂದೊಂದಾಗಿ ಹಿಂದೆ ತೇಲಿಹೋದವು. ಮೈ ಹಗುರಾಗಿ, ತಲೆ ಮಾತ್ರ ಭಾರವಾಗಿ, ಅವಳು ಅರೆಗಣ್ಣಲ್ಲಿ ಕೂತಳು. ಕಾಲುವೆಯ ದಂಡೆಯ ಜೊಂಡು ಕಣ್ಣ ಮುಂದೆ ಬಂತು. ಕಾರ್ಖಾನೆಯಿಂದ ಹರಿದು ಬರುವ ಆ ನೀರಿನಲ್ಲಿ ಬೇರೆ ಗಿಡಗಳೆಲ್ಲ ಸುಟ್ಟು ಕರಕಲಾದರೂ ಜೊಂಡು ಮಾತ್ರ ಆಳೆತ್ತರ ಬೆಳೆದು, ಏನೂ ಆಗಿಲ್ಲವೆಂಬಂತೆ ತೂಗಾಡುತ್ತಿತ್ತು. ಚಿಕ್ಕಂದಿನಿಂದ ಹಿತ್ತಲ ಕಿಟಕಿಯಲ್ಲಿ ಅದನ್ನು ನೋಡಿದವಳು. ಇದು ಯಾಕೆ ಸಾಯುವುದಿಲ್ಲ ಎಂದು ಅವಳಿಗೆ ಅನ್ನಿಸಿದ್ದು ಮಾತ್ರ ತಲೆಗೂದಲು ನೆರೆಯಲು ಶುರುವಾದ ಮೇಲೆ. ಒಂದು ಕಾಂಡ ಕಿತ್ತು ಒಯ್ದು, ಮೇಲಿನ ಕೊಳೆಯೆಲ್ಲ ಸಾಯುವ ಹಾಗೆ ಸ್ಪಿರಿಟ್ಟಿನಲ್ಲಿ ತೊಳೆದು, ಬೆರಳುಗುರಿನಷ್ಟು ತುಂಡು ಮಾಡಿ ತಟ್ಟೆಯಲ್ಲಿಟ್ಟಿದ್ದಳು. ಕೆಲವು ದಿನ ಕಳೆದ ಮೇಲೆ ಕಾಂಡದ ಕತ್ತರಿಸಿದ ಬಾಯಿಂದ ಬಿಳಿ ಎಳೆಗಳು ಹೊರಗೆ ಬಂದವು. ಮನೆಯೊಳಗೆ ಬಾಗಿಲು ಹಾಕಿಕೊಂಡಿದ್ದವರು ಸದ್ದು ನಿಂತ ಮೇಲೆ ಒಬ್ಬೊಬ್ಬರಾಗಿ ಹೊಸ್ತಿಲಿಗೆ ಬಂದು ನೋಡುವಂತೆ. ಗಿಡದ ಒಳಗೇ ಹುಟ್ಟಿ, ಗಿಡಕ್ಕೆ ನೋವಾಗದಂತೆ ಬಾಳಿ, ಹೊರಗಿನವರಿಗೆ ಮುಖವನ್ನೇ ತೋರಿಸದ ಬೂಷ್ಟು ಅದು. ಒಂದು ಹನಿ ಕೆಂಪು ಬಣ್ಣ ಹಾಕಿದಳು. ಮಾರನೆಯ ದಿನ ಬಂದು ನೋಡಿದರೆ ಎಳೆಗಳ ಸುತ್ತ ಬಣ್ಣ ಮಾಯವಾಗಿ, ಒಂದು ಬಿಳಿಯ ಚಂದ್ರ ಎದ್ದಿತ್ತು. ಅವತ್ತು ಅವಳು ಮೇಜಿನ ಅಂಚು ಹಿಡಿದುಕೊಂಡು ಎಷ್ಟೋ ಹೊತ್ತು ನಿಂತಿದ್ದಳು. ಯಾರನ್ನೂ ಕೂಗಲಿಲ್ಲ. ಕೂಗಿದರೆ ಅದು ಒಳಗೆ ಹೋಗಿಬಿಡಬಹುದು ಅನ್ನಿಸಿತ್ತು.

ಆ ಬೂಷ್ಟನ್ನು ಗಿಡದಿಂದ ಬಿಡಿಸಿ, ಸ್ಟೀಲಿನ ಡಬ್ಬಿಗಳಲ್ಲಿ ಬೆಳೆಸಿ, ದೊಡ್ಡ ತೊಟ್ಟಿಗೆ ಇಳಿಸಿದ್ದು ನಿರ್ದೇಶಕರ ಆತುರ. ತೊಟ್ಟಿಯಲ್ಲಿ ಅದು ಬಣ್ಣವನ್ನೇನೋ ಕತ್ತರಿಸಿತು. ಕತ್ತರಿಸಿದ ಚೂರುಗಳನ್ನು ಏನು ಮಾಡಬೇಕೆಂದು ಅದಕ್ಕೆ ಗೊತ್ತಿದ್ದಂತಿರಲಿಲ್ಲ. ಪ್ರಯೋಗಾಲಯದ ತಾರಸಿಯ ಮೇಲೆ ಬಕೇಟಿನ ಕೆನ್ನೀರಿನಲ್ಲಿ ಬೇರುಸಹಿತ ಜೊಂಡು ನೆಟ್ಟಿದ್ದಳು; ಅದು ತಿಳಿಯಾಗಿಸಿದ ನೀರಲ್ಲಿ ಕಾಳು ಮೊಳೆಯುತ್ತಿತ್ತು. ಬಹುಶಃ ಬೂಷ್ಟು ತುಂಡು ಮಾಡಿದ್ದನ್ನು ಗಿಡ ನುಂಗುತ್ತಿತ್ತು, ಇಬ್ಬರೂ ಸೇರಿ ಕೆಲಸ ಮುಗಿಸುತ್ತಿದ್ದರು. ಆದರೆ ಆ ಬಕೇಟು ತಿಳಿಯಾಗಲು ಒಂದು ಇಡೀ ಬೇಸಿಗೆ ಹಿಡಿದಿತ್ತು. "ಅಷ್ಟು ದಿನ ಯಾರು ಕಾಯ್ತಾರೆ ಮೇಡಂ," ಎಂದಿದ್ದರು ನಿರ್ದೇಶಕರು. ಅವಳೂ ಹೌದು ಎಂದು ತಲೆಯಾಡಿಸಿದ್ದಳು. ಕಾರು ತಿರುವಿನಲ್ಲಿ ವಾಲಿದಾಗ ಬಾಟಲಿಗಳ ಪೆಟ್ಟಿಗೆ ಅವಳ ಮೊಣಕಾಲಿಗೆ ಒರಗಿತು. ಅದನ್ನು ಹಿಂದಕ್ಕೆ ತಳ್ಳಲೂ ಅವಳಿಗೆ ಸಂಕೋಚವಾಯಿತು.

ಬೀದಿಯ ಕೊನೆಯಲ್ಲಿ, ಕಾಲುವೆಯ ಪಕ್ಕದ ಬಯಲಿನಲ್ಲಿ ತೊಟ್ಟಿ. ತೊಟ್ಟಿಯ ಕೆಳಗೆ ಒಂದು ಹಳೆಯ ಹೊಂಡ. ಕಾರ್ಖಾನೆಯ ನೀರು ಇಷ್ಟು ವರ್ಷ ಬಂದು ನಿಲ್ಲುತ್ತಿದ್ದದ್ದು ಅಲ್ಲೇ; ಈಗ ಅದನ್ನು ಬಳಿದು, ಅಂಚಿಗೆ ಸುಣ್ಣ ಹೊಡೆದು, ತೊಟ್ಟಿಯ ಹೊಸ ನೀರಿಗೆ ಅಣಿ ಮಾಡಿದ್ದರು. ಶಾಮಿಯಾನದ ಕೆಳಗೆ ಕುರ್ಚಿಗಳು. ಮುಂದಿನ ಸಾಲಿನ ಕೊನೆಯಲ್ಲಿ ಅಪ್ಪ, ಅಂಗಿಯ ಕತ್ತಿನ ಗುಂಡಿಯನ್ನೂ ಬಿಡದೆ ಹಾಕಿಕೊಂಡು, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಫೋಟೋ ತೆಗೆಸಿಕೊಳ್ಳಲು ಬಂದವನಂತೆ ಕೂತಿದ್ದ. ಕಾರ್ಖಾನೆಯ ಬಣ್ಣದ ಕೋಣೆಯಲ್ಲಿ ಮೇಸ್ತ್ರಿಯಾಗಿದ್ದವನು ಅವನು. ಅವನ ಕಾಲದಲ್ಲಿ ಆ ಕಾಲುವೆ ದಿನಕ್ಕೊಂದು ಬಣ್ಣದಲ್ಲಿ ಹರಿಯುತ್ತಿತ್ತು. ಅಡುಗೆಮನೆಯ ಕಿಟಕಿಯಿಂದ ಅಮ್ಮ ಕಾಲುವೆ ನೋಡಿ, ನಿಮ್ಮಪ್ಪ ಇವತ್ತು ನೀಲಿ ಕಣೇ, ಎನ್ನುತ್ತಿದ್ದಳು. ಸಂಜೆ ಅಪ್ಪ ನೀಲಿ ಉಗುರುಗಳೊಂದಿಗೆ ಬರುತ್ತಿದ್ದ. ಬೀದಿಯ ಯಾವ ಮಗುವೂ ಆ ನೀರಿಗೆ ಇಳಿಯುತ್ತಿರಲಿಲ್ಲ. ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನೇರಳೆ ಬಣ್ಣದ ನೀರಿಗೆ ನಾಯಿಯೂ ಬಾಯಿ ಹಾಕುವುದಿಲ್ಲ. ಬಣ್ಣವೇ ಬೇಲಿಯಾಗಿತ್ತಲ್ಲ. ಆ ಬೇಲಿಯನ್ನು ಕೂತು ಕೂತು, ಕಣ್ಣು ನೋಯಿಸಿಕೊಂಡು, ವರ್ಷಗಟ್ಟಲೆ ಬಿಚ್ಚಿದವಳು ತಾನು. ಒಳಗಿನ ಹುಲಿಯನ್ನು ಹಾಗೇ ಬಿಟ್ಟು.

ನಿರ್ದೇಶಕರು ಮಾತಾಡುತ್ತಿದ್ದರು. "ಒಂದು ದಿನ ನಾವು ಈ ಕಾಲುವೆಯ ದಂಡೆಯ ಮೇಲೆ ನಡೀತಾ ಇದ್ದಾಗ ಈ ಜೊಂಡು ನಮ್ಮ ಕಣ್ಣಿಗೆ ಬಿತ್ತು." ಅವರು ಆ ದಂಡೆಗೆ ಕಾಲಿಟ್ಟದ್ದೇ ಇವತ್ತು. ಮೈಕಿನಲ್ಲಿ ಕೇಳಿದಾಗ ಅದು ನಿಜವೇ ಇರಬೇಕು ಅನ್ನಿಸಿತು ಅವಳಿಗೂ. ತಾನೂ ಅವರೂ ಆ ಬಿಸಿಲಿನಲ್ಲಿ ನಡೆದದ್ದು, ಅವರು ಬೆರಳು ತೋರಿಸಿದ್ದು, ತಾನು ತಲೆಯಾಡಿಸಿದ್ದು ಎಲ್ಲವೂ ಒಂದು ಕ್ಷಣ ನೆನಪಾಯಿತು. "ಇನ್ನು ನಮ್ಮ ಬೂಷ್ಟು ಮೇಡಂ ಬಗ್ಗೆ ಹೇಳಲೇಬೇಕು," ಎಂದರು ಅವರು ಕೊನೆಗೆ. ಮೊದಲ ಸಲ ಅವರ ಬಾಯಲ್ಲಿ ಆ ಹೆಸರು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಅಪ್ಪ ಮಾತ್ರ ಹಿಂದೆ ತಿರುಗಿ, ಯಾರು ನಕ್ಕರು ಎಂದು ಒಬ್ಬೊಬ್ಬರ ಮುಖ ನೋಡಿದ. ಕಾರ್ಖಾನೆಯ ಮ್ಯಾನೇಜರು ಎದ್ದು ಹೋಗಿ ಗೇಟಿನ ಚಕ್ರ ತಿರುಗಿಸಿದರು. ತೊಟ್ಟಿಯ ಬಾಯಿಂದ ನೀರು ಸದ್ದಿಲ್ಲದೆ ಜಾರಿ, ಹೊಂಡದ ತಳದಲ್ಲಿ ಹಾಳೆಯ ಹಾಗೆ ಹರಡಿ, ಮೆಲ್ಲಗೆ ಮೇಲೇರಿತು. ಬೀದಿಯ ಜನ ಕುರ್ಚಿ ಬಿಟ್ಟು ಅಂಚಿಗೆ ಬಂದರು. ಅವರ ಜೀವಮಾನದಲ್ಲಿ ಮೊದಲ ಸಲ ಆ ಹೊಂಡದಲ್ಲಿ ಆಕಾಶ ಕಾಣುತ್ತಿತ್ತು. ಅಷ್ಟು ಚೆಂದವಾಗಿತ್ತು ಅದು. ಅವಳಿಗೇ ಕಣ್ಣು ತುಂಬಿ ಬಂತು; ಅದು ಸಂತೋಷವೋ ಸಂಕಟವೋ ಬಿಡಿಸಿ ನೋಡುವ ಧೈರ್ಯ ಬರಲಿಲ್ಲ.

"ಮೇಡಂ, ಒಂದು ಮಾತು." ಇಸ್ತ್ರಿ ಅಂಗಡಿಯಾಕೆ. ಬಯಲಿಗೆ ಅಂಟಿಕೊಂಡೇ ಅವಳ ಅಂಗಡಿ, ಅಂಗಡಿಯ ಹಿಂದೆ ಮನೆ. ಇಸ್ತ್ರಿಯ ಬಿಸಿಗೆ ಒಂದು ಕೆನ್ನೆ ಯಾವಾಗಲೂ ಕೆಂಪು. "ಮಕ್ಕಳು ಈ ನೀರಿಗೆ ಇಳಿದ್ರೆ ಪರವಾಗಿಲ್ವಾ? ಬಟ್ಟೆಗೆ ಚಿಮುಕಿಸೋಕೆ ತಗೋಬಹುದಾ? ನಮಗೆ ನಲ್ಲಿ ಬರೋದು ದಿನ ಬಿಟ್ಟು ದಿನ, ಅದಕ್ಕೆ ಕೇಳ್ದೆ."

ಉತ್ತರ ಹೇಳಲೆಂದು ಯಾರೋ ಮೈಕನ್ನು ಅವಳ ಕೈಗೆ ಕೊಟ್ಟರು. ಅದು ಬೆಚ್ಚಗಿತ್ತು, ನಿರ್ದೇಶಕರ ಅಂಗೈಯ ಬೆವರು. ಹೇಳಬೇಕಾದದ್ದು ಒಂದೇ ಮಾತು, ಅದೂ ಸಣ್ಣ ಮಾತು. ಅದು ನಾಲಿಗೆಯ ತುದಿಯವರೆಗೆ ಬಂದು, ಮ್ಯಾನೇಜರರ ಮುಖ, ನಿರ್ದೇಶಕರ ಹೊಸ ಕೋಟು, ಅಪ್ಪನ ಕತ್ತಿನ ಗುಂಡಿ, ಎಲ್ಲವನ್ನೂ ಒಂದು ಸುತ್ತು ನೋಡಿ ಹಿಂದಕ್ಕೆ ಹೋಯಿತು. "ಇನ್ನೂ... ಕೆಲವು ಪರೀಕ್ಷೆಗಳು ನಡೀತಾ ಇವೆ," ಎಂದಳು. ತನ್ನ ದನಿ ಹೊಂಡದ ಆಚೆ ಗೋಡೆಗೆ ಬಡಿದು ಬಂದದ್ದನ್ನು ಕೇಳಿದಳು. ಯಾವುದೋ ಸಣ್ಣ ಹುಡುಗಿಯ ದನಿ. ನಿರ್ದೇಶಕರು ಮೈಕು ತೆಗೆದುಕೊಂಡರು. "ಮೇಡಂ ಹೇಳೋದು ಏನಂದ್ರೆ, ಮುಂದೆ ಇದನ್ನ ಇನ್ನೂ ಚೆನ್ನಾಗಿ ಮಾಡ್ತೀವಿ ಅಂತ!" ಚಪ್ಪಾಳೆ ಬಿತ್ತು. ಇಸ್ತ್ರಿಯಾಕೆ ಚಪ್ಪಾಳೆ ತಟ್ಟಲಿಲ್ಲ. ತನ್ನ ಪ್ರಶ್ನೆಗೆ ಇದು ಉತ್ತರವೋ ಅಲ್ಲವೋ ಎಂದು ಅಳೆಯುವವಳಂತೆ ಸ್ವಲ್ಪ ಹೊತ್ತು ಅವಳನ್ನೇ ನೋಡಿ, ಆಮೇಲೆ, ಓದಿದವರು ಇದ್ದಾರಲ್ಲ, ತಿಳಿಯದೆ ಮಾಡುತ್ತಾರೆಯೇ ಎನ್ನುವ ಹಾಗೆ ಮುಖ ಸಡಿಲಿಸಿ ಅಂಗಡಿಗೆ ಹೋದಳು. ಆ ನಂಬಿಕೆ ಬೆನ್ನಿಗೆ ಬಿದ್ದ ಏಟಿಗಿಂತ ಹೆಚ್ಚು ನೋಯಿಸಿತು.

ಮಧ್ಯಾಹ್ನ ಮನೆಯಲ್ಲಿ ಅಪ್ಪನಿಗೆ ಊಟ ಬಡಿಸಿದಳು. ಅವನು ಅಂಗಿ ಬಿಚ್ಚಿ ಕುರ್ಚಿಗೆ ಹಾಕಿ, ಬನಿಯನ್ನಿನಲ್ಲಿ ಕೂತು, ನಿಧಾನವಾಗಿ ತುತ್ತು ಕಲಸುತ್ತಾ, "ಚೆನ್ನಾಗಾಯ್ತು," ಎಂದ. "ನಾನು ಒಂದು ಜನ್ಮ ಕಷ್ಟಪಟ್ಟು ಹಾಕಿದ ಬಣ್ಣ, ನೀನು ಅರ್ಧ ದಿನದಲ್ಲಿ ತೆಗೆದೆ. ನಮ್ಮ ಮನೇಲಿ ಲೆಕ್ಕ ಸರಿಹೋಯ್ತು ಬಿಡು." ನಕ್ಕ. ಅವಳು ನಗಲಿಲ್ಲ. "ಯಾಕೆ ಪುಟ್ಟೀ, ಬೂಷ್ಟು ಮೇಡಂ ಅಂದ್ರು ಅಂತ ಬೇಜಾರಾ? ನನ್ನನ್ನ ಬಣ್ಣದ ಕೋತಿ ಅಂತಿದ್ರು. ಒಂದು ದಿನ ಕಿವಿ ಹಿಂದೆ ಹಸಿರು ಉಳಿದುಬಿಟ್ಟಿತ್ತು, ನೋಡ್ಕೊಂಡಿರಲಿಲ್ಲ."

"ಅದಲ್ಲಪ್ಪಾ."

"ಮತ್ತೇನು?"

"ಏನಿಲ್ಲ. ತಲೆ ಸಿಡೀತಿದೆ. ಸ್ವಲ್ಪ ಮಲಗ್ತೀನಿ."

ಹಿತ್ತಲ ಕೋಣೆಯಲ್ಲಿ ಮಲಗಿದಳು. ಪರದೆ ಗಾಳಿಗೆ ಉಬ್ಬಿ ಇಳಿಯುತ್ತಿತ್ತು. ನಿದ್ದೆಯೂ ಅಲ್ಲದ, ಎಚ್ಚರವೂ ಅಲ್ಲದ ಒಂದು ಹೊತ್ತಿನಲ್ಲಿ ಅವಳು ಜೊಂಡಿನ ಕಾಂಡದ ಒಳಗೆ ನಡೆಯುತ್ತಿದ್ದಳು. ಉದ್ದನೆಯ ಮೊಗಸಾಲೆ, ಎರಡೂ ಕಡೆ ಹಸಿರು ಗೋಡೆ, ಗೋಡೆಯಿಂದ ಇಳಿಯುವ ತಂಪು ಬೆಳಕು. ಕೈಯಿಟ್ಟಲ್ಲೆಲ್ಲ ಬಿಳಿ ಎಳೆಗಳು ಬೆರಳಿಗೆ ಸುತ್ತಿ, ಯಾರು ಎಂದು ಗುರುತು ಹಿಡಿದು, ದಾರಿ ಬಿಡುತ್ತಿದ್ದವು. ಎಷ್ಟು ನೆಮ್ಮದಿಯಾಗಿತ್ತು ಅಲ್ಲಿ. ಯಾರೂ ಮೈಕು ಕೊಡುವುದಿಲ್ಲ, ಯಾರೂ ಕೇಳುವುದಿಲ್ಲ. ತನ್ನನ್ನು ಹೊತ್ತ ಗಿಡಕ್ಕೆ ನೋವಾಗದಂತೆ ಸುಮ್ಮನೆ ಇದ್ದುಬಿಡುವುದು. ಹಾಗೇ ಬದುಕಿದ್ದೇನಲ್ಲ ನಾನೂ, ಅಂದುಕೊಂಡಳು. ಅಪ್ಪನ ಮನೆಯಲ್ಲಿ, ನಿರ್ದೇಶಕರ ಸಂಸ್ಥೆಯಲ್ಲಿ, ಗೋಡೆಯ ಒಳಗಿನವಳಾಗಿ. ಸಾಲಾಗಿ ಕೋಣೆಗಳಿದ್ದವು. ಒಂದರಲ್ಲಿ ಅಮ್ಮ ಕಿಟಕಿಯಾಚೆ ನೋಡುತ್ತಾ, ಇವತ್ತು ಯಾವ ಬಣ್ಣಾನೂ ಇಲ್ಲವಲ್ಲೇ, ನಿಮ್ಮಪ್ಪ ಕೆಲಸಕ್ಕೆ ಹೋಗಿಲ್ವಾ, ಎಂದು ಕೇಳಿದಳು. ಇನ್ನೊಂದರಲ್ಲಿ ಸಾಸಿವೆ ಕಾಳಿನಷ್ಟು ಚಿಕ್ಕ ಮಕ್ಕಳು ಒದ್ದೆ ಕಾಗದದ ಮೇಲೆ ಸಾಲಾಗಿ ಮಲಗಿದ್ದರು. ಏಳಿ ಎಂದಳು. ಏಳಲಿಲ್ಲ. ಎಲ್ಲಿಂದಲೋ ನೀರು ಚಿಮ್ಮಿಸುವ ಸದ್ದು, ಕೇಕೆ. ಸದ್ದು ಕನಸಿನದಲ್ಲ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಎದ್ದು ಪರದೆ ಸರಿಸಿದಳು. ಬಿಸಿಲು ಇಳಿದಿತ್ತು. ಶಾಮಿಯಾನ ಬಿಚ್ಚಿ ಒಯ್ದಿದ್ದರು. ಹೊಂಡದ ಅಂಚಿನಲ್ಲಿ ಮಕ್ಕಳು ಕೂತು ಕಾಲು ಇಳಿಬಿಟ್ಟು ನೀರು ಒದೆಯುತ್ತಿದ್ದರು. ಇಸ್ತ್ರಿಯಾಕೆ ಒಂದು ಬಕೇಟು ತುಂಬಿಕೊಂಡು ಅಂಗಡಿಯ ಕಡೆ ತಿರುಗಿದ್ದಳು. ಅದನ್ನು ಕಂಡು ಅವಳು ಮೊದಲು ಮಾಡಿದ್ದು ನಿರ್ದೇಶಕರಿಗೆ ಫೋನು. ಆಮೇಲೆ ನೆನೆಸಿಕೊಂಡಾಗಲೆಲ್ಲ ಅವಳಿಗೆ ನಾಚಿಕೆಯಾಗುತ್ತಿದ್ದದ್ದು ಅದಕ್ಕೇ. ಓಡಿಹೋಗಿ ಕೂಗುವುದು ಬಿಟ್ಟು ಅಪ್ಪಣೆ ಕೇಳಿದಳು. ಆ ಕಡೆ ಔತಣದ ಗಲಾಟೆ, ಗಾಜಿನ ಲೋಟಗಳ ಸದ್ದು. "ಸರ್, ಮಕ್ಕಳು ನೀರಿಗೆ ಇಳೀತಿದ್ದಾರೆ." "ಏನೂ ಆಗಲ್ಲಮ್ಮಾ, ಕಾಲು ತಾನೇ. ನಾಳೆ ಒಂದು ಬೋರ್ಡು ಹಾಕಿಸೋಣ. ಮ್ಯಾನೇಜರ್ ಇಲ್ಲೇ ಇದ್ದಾರೆ, ಈಗ ಬೇಡ." ಫೋನು ಇಟ್ಟರು. ಬೋರ್ಡು. ಕಾಲು ಆಡಿಸುವ ಮಕ್ಕಳಲ್ಲಿ ಅರ್ಧ ಜನಕ್ಕೆ ಅಕ್ಷರವೇ ಬರುತ್ತಿರಲಿಲ್ಲ.

ತೊಟ್ಟಿಯ ಪಕ್ಕದ ತಗಡಿನ ಶೆಡ್ಡಿನ ಬೀಗದ ಕೈ ಅವಳ ಬಳಿಯೇ ಇತ್ತು. ಬಾಗಿಲು ತೆಗೆದು ಒಳಗೆ ನಿಂತಾಗ ತಾನು ಯಾಕೆ ಬಂದೆ ಎನ್ನುವುದು ಅವಳಿಗೆ ಇನ್ನೂ ಸ್ಪಷ್ಟವಿರಲಿಲ್ಲ. ಕೊಳವೆಗಳು ಎಲ್ಲಾದರೂ ಸೋರುತ್ತವೆಯೇ ಎಂದು ನೋಡಲು ತರಿಸಿದ್ದ ಪುಡಿಯ ಡಬ್ಬಿ ಕಪಾಟಿನಲ್ಲಿತ್ತು. ಚಿಟಿಕೆ ಹಾಕಿದರೆ ತೊಟ್ಟಿ ನೀರೆಲ್ಲ ಹಸಿರಾಗುವ, ಯಾರಿಗೂ ಕೇಡು ಮಾಡದ ಬಣ್ಣ. ನೀರಿಗೆ ಬಣ್ಣವಿದ್ದರೆ ಯಾರೂ ಇಳಿಯುವುದಿಲ್ಲ. ಯಾರ ಎದುರೂ ನಿಲ್ಲಬೇಕಾಗಿಲ್ಲ, ಯಾರಿಗೂ ಏನನ್ನೂ ಹೇಳಬೇಕಾಗಿಲ್ಲ, ಬಣ್ಣವೇ ಹೇಳುತ್ತದೆ. ಆ ಯೋಚನೆಯಿಂದ ಅವಳಿಗೆ ನಿರಾಳವಾಯಿತು; ಅಲ್ಲೇ ನಿಂತು ಡಬ್ಬಿಯ ಮುಚ್ಚಳ ತೆಗೆದಳು. ಹೊಂಡದ ಬಳಿ ಹೋಗಿ, "ಮಕ್ಕಳೇ, ಸ್ವಲ್ಪ ಮೇಲೆ ಬನ್ನಿ, ನೀರಿಗೆ ಏನೋ ಹಾಕಬೇಕು," ಎಂದಳು. ಅವರು ಕಾಲು ಮೇಲೆಳೆದುಕೊಂಡು ಅಂಚಿನಲ್ಲಿ ನಿಂತರು. ಡಬ್ಬಿ ಬೋರಲು ಹಾಕಿದಳು.

ಪುಡಿ ಬಿದ್ದಾಗ ಕೆಂಪಗಿತ್ತು. ನೀರು ಮುಟ್ಟಿದ್ದೇ ಅದರೊಳಗಿಂದ ಹಸಿರು ಹೊಗೆ ಎದ್ದು, ಸುರುಳಿ ಬಿಚ್ಚಿ, ಬೆರಳು ಚಾಚಿ, ಒಂದನ್ನೊಂದು ಹಿಡಿದು ಹರಡಿತು. ನೋಡನೋಡುತ್ತಿದ್ದಂತೆ ಹೊಂಡದ ಅಂಚಿನಿಂದ ಅಂಚಿಗೆ ಬಣ್ಣ ತುಂಬಿ, ಇಳಿಬಿಸಿಲು ಅದರ ಮೇಲೆ ಬಿದ್ದು, ನೀರು ಒಳಗಿನಿಂದ ದೀಪ ಹಚ್ಚಿದ ಹಾಗೆ ಹೊಳೆಯತೊಡಗಿತು. ಎಲೆಯಲ್ಲೂ ಇಲ್ಲದ, ಗಿಳಿಯಲ್ಲೂ ಇಲ್ಲದ ಹಸಿರು. ಅವಳ ಕೈ, ಸೀರೆಯ ಅಂಚು, ಎದುರಿಗಿದ್ದ ಮಕ್ಕಳ ಗಲ್ಲ, ಎಲ್ಲದರ ಮೇಲೂ ಅದರ ಬೆಳಕು ಅಲುಗಾಡಿತು. ಅವಳು ಖಾಲಿ ಡಬ್ಬಿ ಹಿಡಿದು ಆ ಬೆಳಕಿನಲ್ಲಿ ನಿಂತೇ ಇದ್ದಳು. ಎಷ್ಟು ಹೊತ್ತೋ.

"ಅಬ್ಬಾ!" ಎಂದಿತು ಒಂದು ಮಗು. "ಎಷ್ಟು ಚೆಂದ! ಇಳೀಬಹುದಾ ಅಕ್ಕಾ?"

ಇಳಿಯುವುದಕ್ಕೆ ಅವರು ಅವಳ ಉತ್ತರಕ್ಕೇನೂ ಕಾಯುತ್ತಿರಲಿಲ್ಲ. ಒಬ್ಬಳು ಆಗಲೇ ಲಂಗ ಎತ್ತಿ ಕಟ್ಟಿಕೊಂಡಿದ್ದಳು. ಮನೆಗಳಿಂದ ಇನ್ನಷ್ಟು ಮಕ್ಕಳು ಬಾಗಿಲು ದಾಟಿ, ಕೂಗುತ್ತಾ, ಬಯಲಿಗೆ ಓಡಿ ಬರುತ್ತಿದ್ದರು. ಕಾಲುವೆಯ ಕೊಳಕು ಕೆಂಪಿಗೆ ಹೆದರುತ್ತಿದ್ದವರು ಇದಕ್ಕೆ ಯಾಕೆ ಹೆದರುತ್ತಾರೆ? ತಾನು ಬೇಲಿ ಹಾಕಲು ಹೋಗಿ ಜಾತ್ರೆ ಕಟ್ಟಿದ್ದೆ ಎನ್ನುವುದು ಅವಳಿಗೆ ಆಗ ಹೊಳೆಯಿತು. ಲಂಗ ಕಟ್ಟಿದ ಹುಡುಗಿ ಒಂದು ಕಾಲು ನೀರಿನ ಮೇಲೆ ಚಾಚಿದಳು.

"ಬೇಡ!"

ಅದು ಯಾರ ಕೂಗು ಎಂದು ಅವಳೇ ಒಂದು ಕ್ಷಣ ಬೆಚ್ಚಿದಳು. ಡಬ್ಬಿ ಬಿಸಾಡಿ, ಹುಡುಗಿಯ ರಟ್ಟೆ ಹಿಡಿದು ಎಳೆದು, ಅಂಚಿನಲ್ಲಿ ಎರಡೂ ಕೈ ಅಗಲಿಸಿ ನಿಂತಳು. "ಬೇಡ! ಯಾರೂ ಇಳೀಬೇಡಿ! ಈ ನೀರಲ್ಲಿ ವಿಷ ಇದೆ! ಮುಟ್ಟಬೇಡಿ, ದೂರ ಹೋಗಿ!" ಒಂದು ಕಡೆ ತಡೆದರೆ ಇನ್ನೊಂದು ಕಡೆಯಿಂದ ಮಕ್ಕಳು ನುಗ್ಗುತ್ತಿದ್ದರು, ಅವರಿಗೆ ಅದೊಂದು ಆಟ. ಅವಳು ಹೊಂಡದ ಸುತ್ತ ಓಡಿದಳು, ಚಪ್ಪಲಿ ಕಳಚಿತು, ಕೂದಲು ಬಿಚ್ಚಿತು, ವಿಷ, ವಿಷ ಎಂದು ಕೂಗುತ್ತಲೇ ಇದ್ದಳು. ಬಾಗಿಲುಗಳಲ್ಲಿ ಹೆಂಗಸರು ಕಾಣಿಸಿಕೊಂಡರು. ತಮ್ಮ ತಮ್ಮ ಮಕ್ಕಳ ಹೆಸರು ಹಿಡಿದು ಕರೆಯತೊಡಗಿದರು. ಇಸ್ತ್ರಿಯಾಕೆ ಬಿಸಿ ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದುಕೊಂಡೇ ಬಂದಳು.

"ಏನು ಮೇಡಂ ಇದು? ಯಾರು ಹಾಕಿದ್ದು ಈ ಬಣ್ಣ?"

"ನಾನೇ."

"ವಿಷ ಹಾಕಿದ್ರಾ?"

"ಅಲ್ಲ. ಬಣ್ಣ ಒಳ್ಳೇದು, ಅದರಿಂದ ಏನೂ ಆಗಲ್ಲ. ವಿಷ ಮೊದಲೇ ಇತ್ತು. ತಿಳಿಯಾಗಿತ್ತಲ್ಲ, ಆಗಲೇ ಇತ್ತು." ಉಸಿರು ಸಿಗುತ್ತಿರಲಿಲ್ಲ. "ಬಣ್ಣ ಹೋಗಿದೆ, ಒಳಗಿರೋದು ಹೋಗಿಲ್ಲ. ಈ ನೀರಲ್ಲಿ ಒಂದು ಸಾಸಿವೆ ಕಾಳೂ ಮೊಳೆಯಲ್ಲ. ನೀವು ತಗೊಂಡು ಹೋದ ಬಕೇಟು ಚೆಲ್ಲಿಬಿಡಿ. ಕಾಲು ಇಟ್ಟ ಮಕ್ಕಳಿಗೆಲ್ಲ ಸೋಪು ಹಾಕಿ ತೊಳೀರಿ. ಈಗಲೇ."

ಇಸ್ತ್ರಿಯಾಕೆಯ ಎರಡೂ ಕೆನ್ನೆ ಕೆಂಪಾದವು. "ಬೆಳಿಗ್ಗೆ ನಾನು ಇದನ್ನೇ ಅಲ್ವಾ ಕೇಳಿದ್ದು? ಇಷ್ಟು ಜನರ ಮುಂದೆ, ಬಾಯಿ ಬಿಟ್ಟು ಕೇಳಿದ್ದೆ. ಆಗ ನಿಮ್ಮ ಬಾಯಿಗೆ ಏನಾಗಿತ್ತು?"

ಅದಕ್ಕೆ ಹೇಳಬಹುದಾದ ಉತ್ತರಗಳು ಬೇಕಾದಷ್ಟಿದ್ದವು. ಎರಡನೆಯ ಹಂತ, ಪರೀಕ್ಷೆಗಳು, ನಾಳೆ. ಅವು ಯಾವುವೂ ಬರಲಿಲ್ಲ. "ಹೆದರಿಬಿಟ್ಟೆ," ಎಂದಳು.

ಇಸ್ತ್ರಿಯಾಕೆ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಕೆ ಬೈಯುತ್ತಾಳೆ ಎಂದು ಇವಳು ಅಂದುಕೊಂಡಳು; ಬೈದಿದ್ದರೆ ಒಳ್ಳೆಯದಿತ್ತು. ಆಕೆ ತಿರುಗಿ ಅಂಗಡಿಗೆ ಹೋಗಿ, ಬಕೇಟಿನ ನೀರನ್ನು ಹೊತ್ತು ತಂದು, ಅವಳ ಕಾಲಿನ ಪಕ್ಕದಿಂದಲೇ ಹೊಂಡಕ್ಕೆ ಸುರಿದಳು. ಆಮೇಲೆ ಬೀದಿಗೆ ಕೇಳುವ ಹಾಗೆ ಕೂಗಿ, ಕಾಲು ಇಟ್ಟವರನ್ನೆಲ್ಲ ಸಾಲಾಗಿ ನಿಲ್ಲಿಸಿ, ತನ್ನ ಡ್ರಮ್ಮಿನಲ್ಲಿ ಕೂಡಿಟ್ಟ ನಲ್ಲಿ ನೀರನ್ನು ಚೊಂಬಿನಲ್ಲಿ ತೆಗೆದು ತೆಗೆದು ಕಾಲು ತೊಳೆಯತೊಡಗಿದಳು. ಬೇರೆ ಮನೆಯವರೂ ತಮ್ಮ ತಮ್ಮ ನೀರು ತಂದರು. ಅಷ್ಟರಲ್ಲಿ ಅಪ್ಪ ಬನಿಯನ್ನಿನ ಮೇಲೆ ಟವೆಲು ಹೊದ್ದು, ಗೋಡೆ ಹಿಡಿದುಕೊಂಡು ಬಂದ. ಹೊಂಡ ನೋಡಿ ನಿಂತುಬಿಟ್ಟ.

"ಇದು ಯಾರ ಕೈಕೆಲಸ?"

"ನಂದೇ ಅಪ್ಪಾ."

"ನಮ್ಮ ಕೋಣೇಲಿ ಇಂಥ ಹಸಿರು ಬರಲೇ ಇಲ್ಲ ಕಣೇ," ಎಂದ ಅವನು ಮೆಲ್ಲಗೆ, ಹೊಟ್ಟೆಕಿಚ್ಚು ಪಟ್ಟವನಂತೆ. ಆಮೇಲೆ ಅವಳ ಬರಿಗಾಲು, ಬಿಚ್ಚಿದ ಕೂದಲು ನೋಡಿ, "ಏನಾಯ್ತು?" ಎಂದ. ಅವಳು ಹೇಳಿದಳು. ಬೆಳಗಿನ ತಟ್ಟೆಗಳಿಂದ ಹಿಡಿದು ಫೋನಿನವರೆಗೆ, ಒಂದನ್ನೂ ಬಿಡದೆ. ಅವನು ಕೇಳಿ ಮುಗಿಸಿ, ಯಾರದೋ ಅಂಗಳದಿಂದ ಒಂದು ಕುರ್ಚಿ ಎಳೆದುಕೊಂಡು ಬಂದು ಹೊಂಡದ ಮೂಲೆಯಲ್ಲಿ ಹಾಕಿ ಕೂತ. ಆ ಮೂಲೆಯತ್ತ ಒಂದು ಮಗುವೂ ಸುಳಿಯಲಿಲ್ಲ.

ಅವಳು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಫೋನು ಹೊಡೆದುಕೊಂಡಿತು. ನಿರ್ದೇಶಕರು. ಬೀದಿಯವರು ಯಾರೋ ಆಗಲೇ ಹಸಿರು ಹೊಂಡದ ಫೋಟೋ ಕಳಿಸಿದ್ದರಂತೆ. ಮ್ಯಾನೇಜರು ಊಟದ ತಟ್ಟೆ ಬಿಟ್ಟು ಎದ್ದರಂತೆ. "ಏನು ಮಾಡಿದಿರಿ ಮೇಡಂ? ಏನಂತ ಹೇಳ್ಲಿ ನಾನು ಅವರಿಗೆ?" ಅವರ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ದಿಗಿಲಿತ್ತು. ಪಾಪ ಅನ್ನಿಸಿತು. "ನೀರು ಇನ್ನೂ ವಿಷ ಅಂತ ಹೇಳಿ ಸರ್. ಪಂಪು ಕಳಿಸಿ. ಹೊಂಡದ ನೀರೆಲ್ಲ ವಾಪಸ್ ತೊಟ್ಟಿಗೆ ಹೋಗ್ಬೇಕು. ಅಲ್ಲೀವರೆಗೆ ನಾನು ಇಲ್ಲೇ ಇರ್ತೀನಿ." "ನಾಳೆಯಿಂದ ನಿಮ್ಮ ಕೆಲಸದ ವಿಷಯ ನನ್ನ ಕೈಲಿ ಇರಲ್ಲ, ಗೊತ್ತಲ್ಲ?" ಎಂದರು. "ಗೊತ್ತು ಸರ್," ಎಂದಳು. ಹೇಳಿ, ಹೊಂಡದ ಪಕ್ಕದಲ್ಲೇ ಕೂತಳು. ಸುಣ್ಣ ಹೊಡೆದ ಅಂಚು ಇನ್ನೂ ಬೆಚ್ಚಗಿತ್ತು. ಹೊಸ ತೊಟ್ಟಿ ಬರಲಿಕ್ಕಿಲ್ಲ, ತಾರಸಿಯ ಬಕೇಟನ್ನು ಯಾರಾದರೂ ಎತ್ತಿ ಬಿಸಾಡಬಹುದು. ಬಿಸಾಡಿದರೆ ದಂಡೆಯಲ್ಲಿ ಜೊಂಡು ಇದ್ದೇ ಇದೆ, ಮತ್ತೆ ಒಂದು ಕಾಂಡದಿಂದ ಶುರು ಮಾಡಬೇಕು, ಈ ಸಲ ಗಿಡದಿಂದ ಬಿಡಿಸದೆ, ಎಷ್ಟು ಬೇಸಿಗೆ ಹಿಡಿದರೂ. ಹೆದರಿಕೆ ಹೋಗಿರಲಿಲ್ಲ. ಅದು ಇತ್ತು, ಪಕ್ಕದಲ್ಲಿ ಕೂತಿತ್ತು, ಅಷ್ಟೇ.

ಬಿಸಿಲು ಜಾರಿದಂತೆ ಹಸಿರು ಮಂಕಾಯಿತು. ಬೀದಿಯ ಕೊನೆಯ ಮನೆಯ ಹುಡುಗರ ಗುಂಪೊಂದು ಕಾಲುವೆಯ ಕಡೆಯಿಂದ ಸದ್ದು ಮಾಡದೆ ಬರುತ್ತಿತ್ತು. ಅವಳು ಏಳಲು ನೆಲಕ್ಕೆ ಕೈಯೂರುವಷ್ಟರಲ್ಲಿ ಒಂದು ಉದ್ದನೆಯ ಬಟ್ಟೆ ಒಣಗಿಸುವ ಗಳು ಅವಳ ಮುಂದೆ ಬಂತು. ಹಿಡಿದಿದ್ದವಳು ಇಸ್ತ್ರಿಯಾಕೆ. ಅವಳ ಮುಖ ನೋಡದೆ, ಇನ್ನೂ ಸಿಟ್ಟಿನಲ್ಲೇ ಹೇಳಿದಳು:

"ತಗೊಳ್ಳಿ. ಕಾಲುವೆ ಕಡೆ ನೀವು ನೋಡ್ಕೊಳ್ಳಿ. ಈ ಕಡೆ ನಾನಿದ್ದೀನಿ."